ಕೆಂಪನ ಫೋಟೋ

ಡ್ರಾಯಿಂಗ್ ಮೇಷ್ಟ್ರಿಗೆ ಫೋಟೋ ಅಂದರೆ ತಾತ್ಸಾರ. ಅದು ಕೈಲಾಗದವರ ಚಿತ್ರಕಲೆ ಎನ್ನುತ್ತಿದ್ದರು. ಮನೆಯ ನಾಯಿ ಕೆಂಪನ ಚಿತ್ರವನ್ನು ತಾವೇ ಬರೆದುಕೊಡುವುದಾಗಿ ಮಗಳಿಗೆ ಮಾತು ಕೊಟ್ಟು ಹನ್ನೊಂದು ವರ್ಷವಾಗಿತ್ತು. ಕಾಗದದ ಮೇಲೆ ಇನ್ನೂ ಒಂದು ಬಾಲವೂ ಮೂಡಿರಲಿಲ್ಲ.

ಅಷ್ಟರಲ್ಲಿ ಮನೆ ಬದಲಾಯಿಸುವ ದಿನ ಬಂದೇಬಿಟ್ಟಿತು. ಹೊಸ ಮನೆ ಮೂರನೇ ಮಹಡಿ, ಅಲ್ಲಿ ನಾಯಿ ಸಾಕುವಂತಿಲ್ಲ. ಸಂಜೆ ನಾಲ್ಕಕ್ಕೆ ಭಾವಮೈದ ಬಂದು ಕೆಂಪನನ್ನು ದೂರದ ತನ್ನ ತೋಟಕ್ಕೆ ಕರೆದೊಯ್ಯುವವನಿದ್ದ. ಬೆಳಿಗ್ಗೆ ಹಾಸ್ಟೆಲಿನಿಂದ ಮಗಳ ಫೋನು ಬಂತು.

"ಅಪ್ಪ, ಚಿತ್ರ ಅಂತೂ ಆಗ್ಲಿಲ್ಲ. ಒಂದು ಫೋಟೋನಾದ್ರೂ ತೆಗೆದು ಕಳ್ಸು. ಅಂಗಳದಲ್ಲಿ ನಮ್ಮ ಮರದ ಕೆಳಗೆ ಅಮ್ಮ, ಅಜ್ಜಿ, ಕೆಂಪ ಎಲ್ಲಾ ಇರ್ಲಿ."

ಮೇಷ್ಟ್ರು ಫೋನು ಹಿಡಿದು ಅಂಗಳಕ್ಕಿಳಿದರು. ಕನ್ನಡಕ ಯಾವುದೋ ಡಬ್ಬದ ತಳ ಸೇರಿತ್ತು. ಸುಡುಬಿಸಿಲಿಗೆ ಪರದೆ ಸ್ಲೇಟಿನಂತೆ ಕಪ್ಪಗೆ ಕಾಣುತ್ತಿತ್ತು. ಅವರು ತಡಕಾಡುವುದನ್ನು ಪಕ್ಕದ ಮನೆಯ ನಿವೃತ್ತ ಓವರ್‌ಸಿಯರ್ ಬೇಲಿಯಾಚೆಯಿಂದ ನೋಡಿದರು. ಕರೆಯದೆ ಬರುವುದು ಅವರ ಹುಟ್ಟುಗುಣ. ಫೋನು ಕಿತ್ತುಕೊಂಡು ಅಲ್ಲಿ ಇಲ್ಲಿ ಒತ್ತಿ ವಾಪಸು ಕೊಟ್ಟರು.

"ಸರಿ ಮಾಡಿದೀನಿ ಮೇಷ್ಟ್ರೇ. ಪರದೆ ಗಿರದೆ ನೋಡ್ಬೇಡಿ, ಸುಮ್ನೆ ಒತ್ತಿ."

ಮೇಷ್ಟ್ರು ಒತ್ತಿದ್ದೇ ಒತ್ತಿದ್ದು. ಎಲೆಗಳ ಸಂದಿಯ ಬಿಸಿಲು, ಬಾನಿಯಲ್ಲಿ ನೀರು ಕುಡಿಯುವ ಗುಬ್ಬಿ, ತಲೆ ಬಾಚಿಕೊಂಡು ಕುರ್ಚಿಯಲ್ಲಿ ಕೂತ ತಾಯಿ, ಕೆಲಸ ಬಿದ್ದಿದೆ ಎಂದು ಗೊಣಗುತ್ತಲೇ ಬಂದು ನಿಂತ ಹೆಂಡತಿ. ನೆರಳು ಬೆಳಕಿನ ಬಗ್ಗೆ ಪಾಠವೂ ನಡೆದಿತ್ತು. ಕೆಂಪ ಮಾತ್ರ ನಿಂತಲ್ಲಿ ನಿಲ್ಲಲಿಲ್ಲ. ಬಾನಿ ಉರುಳಿಸಿದ, ತಾಯಿಯ ಚಪ್ಪಲಿ ಕಚ್ಚಿಕೊಂಡು ಓಡಿದ. ಮೇಷ್ಟ್ರು ಬೈದು ಬೈದು ಸುಸ್ತಾದರು.

ನಾಲ್ಕಕ್ಕೆ ಭಾವಮೈದನ ವ್ಯಾನು ಬಂತು. ಮೇಷ್ಟ್ರೂ ಬರುತ್ತಾರೆಂದುಕೊಂಡು ಕೆಂಪ ಖುಷಿಯಿಂದ ಹತ್ತಿ ಕೂತ. ಬಾಗಿಲು ಹಾಕಿದಾಗ ಹಿಂದಿನ ಗಾಜಿಗೆ ಮೂತಿ ಒತ್ತಿ ನೋಡಿದ. ಅರ್ಧ ಬೀದಿ ಗೇಟಿನ ಮುಂದೆ ಸೇರಿತ್ತು. ಮೇಷ್ಟ್ರು ಫೋನನ್ನು ಮುಖಕ್ಕೆ ಅಡ್ಡ ಹಿಡಿದು, ವ್ಯಾನು ತಿರುವು ದಾಟುವವರೆಗೂ ಒತ್ತುತ್ತಲೇ ಇದ್ದರು.

"ಅಳ್ತಿದೀರಾ?" ಎಂದಳು ಹೆಂಡತಿ.

"ಬಿಸಿಲು ಕಣೇ. ನಾಯಿಗೆಲ್ಲ ಯಾರಾದ್ರೂ ಅಳ್ತಾರಾ?"

ನಲವತ್ತೆರಡು ಫೋಟೋಗಳನ್ನೂ ಅಲ್ಲೇ ನಿಂತು ಮಗಳಿಗೆ ಕಳಿಸಿದರು. ಓವರ್‌ಸಿಯರ್ ಹಟ ಹಿಡಿದು ಬೀದಿಯವರ ವಾಟ್ಸಾಪ್ ಗುಂಪಿಗೂ ಹಾಕಿಸಿದರು.

ಒಳಗೆ ನೆರಳಿನಲ್ಲಿ ಹೆಂಡತಿ ಫೋನು ನೋಡಿ, ಅದನ್ನು ಗಂಡನ ಕಣ್ಣೆದುರಿಗೆ ಹಿಡಿದಳು. ಓವರ್‌ಸಿಯರ್ ಕ್ಯಾಮೆರಾವನ್ನು ಸೆಲ್ಫಿಗೆ ತಿರುಗಿಸಿಟ್ಟಿದ್ದರು. ನಲವತ್ತೆರಡರಲ್ಲೂ ಮೇಷ್ಟ್ರ ಮುಖವೇ. ಮೊದಲು ಪಾಠ ಹೇಳುವ ಮುಖ, ಆಮೇಲೆ ನಾಯಿಗೆ ಬೈಯುವ ಮುಖ. ಕೊನೆಯ ಒಂಬತ್ತರಲ್ಲಿ ಬಾಯಿ ಸೊಟ್ಟಗಾಗಿ, ಕಣ್ಣೀರು ಗದ್ದದವರೆಗೂ ಇಳಿದಿತ್ತು. ಬೀದಿಗೆ ಬೀದಿಯೇ ಅದನ್ನು ನೋಡಿಯಾಗಿತ್ತು.

ಮಗಳ ಉತ್ತರ ಬಂದಿತ್ತು: "ಅಳ್ಬೇಡಪ್ಪ. ಆದ್ರೆ ಕೆಂಪ ಎಲ್ಲಿ?"

ಮೇಷ್ಟ್ರು ಕಟ್ಟಿಟ್ಟ ಡಬ್ಬಗಳನ್ನು ಬಿಚ್ಚಿ ಕನ್ನಡಕ, ಕಾಗದ, ಪೆನ್ಸಿಲು ತೆಗೆದರು. ಬಾಲ ಬಂತು, ಬೆನ್ನು ಬಂತು, ಮೂತಿಯೂ ಬಂತು. ಕಿವಿಯ ಹತ್ತಿರ ಕೈ ನಿಂತಿತು. ಕೆಂಪನ ಒಂದು ಕಿವಿ ಯಾವಾಗಲೂ ಮಡಚಿಕೊಂಡಿರುತ್ತಿತ್ತು. ತಾಯಿ ಎಡಗಿವಿ ಎಂದರು, ಹೆಂಡತಿ ಬಲಗಿವಿ ಎಂದಳು. ಹನ್ನೊಂದು ವರ್ಷ ದಿನಾ ಆ ತಲೆ ಸವರಿದ್ದ ಮೇಷ್ಟ್ರಿಗೆ ಯಾವುದೆಂದು ನೆನಪಾಗಲಿಲ್ಲ.