ಅಮ್ಮ ತಿನ್ನೋ ಹಾಗೇ

ಬೆಳಕು ಹರಿಯುವ ಮುಂಚೆಯೇ ಆಕೆ ಹಾಲು ಕಾಯಿಸಿದ್ದಳು, ಮೊಟ್ಟೆ ಬೇಯಿಸಿದ್ದಳು, ಬ್ರೆಡ್ಡು ಟೋಸ್ಟ್ ಮಾಡಿದ್ದಳು, ಮಗಳ ಬೂಟಿನ ಮಣ್ಣು ಕೊಡವಿದ್ದಳು, ಗಂಡನ ಕನ್ನಡಕವನ್ನು ಸೋಫಾದ ಸಂದಿಯಿಂದ ಹೊರಗೆಳೆದಿದ್ದಳು, ಒಗೆದ ಬಟ್ಟೆಗಳನ್ನು ಮಡಚಿ ಊಟದ ಮೇಜಿನ ಮೂರನೆಯ ಕುರ್ಚಿಯ ಮೇಲೆ ಪೇರಿಸಿದ್ದಳು. (ಮನೆಯಲ್ಲಿ ಇರುವವರು ಮೂವರು. ಮೂರನೆಯ ಕುರ್ಚಿ ಆಕೆಯದೇ. ಆದರೆ ಬಟ್ಟೆಗಳು ಅದರಲ್ಲಿ ಎಷ್ಟು ವರ್ಷದಿಂದ ಕೂತಿದ್ದವೆಂದರೆ, ಅದು ಅವುಗಳ ಪಿತ್ರಾರ್ಜಿತ ಆಸ್ತಿಯೆಂದೇ ಎಲ್ಲರ ನಂಬಿಕೆ.)

ಈ ಚಿಲ್ಲರೆ ಕೆಲಸಗಳೆಲ್ಲ ಮುಗಿದ ಮೇಲೆ ದಿನದ ಮಹಾಕಾರ್ಯಕ್ಕೆ ಸೊಂಟ ಕಟ್ಟಿದಳು: ಹದಿನಾಲ್ಕರ ಮಗಳ ಬಾಯಿ ತೆರೆಸುವುದು.

ಮಗಳು ಶಾಲೆಯ ರಿಲೇ ತಂಡದಲ್ಲಿದ್ದಳು. ಹಿಂದಿನ ದಿನ ಅಭ್ಯಾಸದ ನಡುವೆ ತಲೆ ಸುತ್ತಿ ಮೈದಾನದಲ್ಲೇ ಕೂತುಬಿಟ್ಟಿದ್ದಳು. ಆಟದ ಟೀಚರು ತಾಯಿಯನ್ನು ಕರೆಸಿ, "ಬೆಳಗ್ಗೆ ಏನೂ ತಿನ್ನದೆ ಬರ್ತಾಳೆ. ಬೆಳೆಯೋ ಹುಡುಗಿ, ಅದರ ಮೇಲೆ ಓಡೋ ಹುಡುಗಿ. ನಾಳಿದ್ದಿನ ಅಭ್ಯಾಸದಲ್ಲೂ ಹೀಗೇ ಆದ್ರೆ ತಂಡದಿಂದ ಕೈಬಿಡ್ತೀನಿ" ಎಂದಿದ್ದರು.

ಗಂಡ ರಾತ್ರಿಯೊಳಗೆ ಮೊಬೈಲಿನಲ್ಲಿ ಆಹಾರಶಾಸ್ತ್ರವನ್ನು ಅರೆದು ಕುಡಿದಿದ್ದ. "ಹದಿಹರೆಯದಲ್ಲಿ ಪ್ರೋಟೀನು, ಕಬ್ಬಿಣ, ಕ್ಯಾಲ್ಸಿಯಂ ಮೂರೂ ಬೇಕು ಕಣೇ. ನಾವು ಮನಸ್ಸು ಮಾಡ್ಬೇಕು" ಎಂದು ಕೂತಲ್ಲಿಂದಲೇ ಅಪ್ಪಣೆ ಕೊಡಿಸಿದ. (ಆತನ 'ನಾವು' ಅಡುಗೆಮನೆಯ ಹೊಸ್ತಿಲು ದಾಟಿದ್ದೇ 'ನೀನೊಬ್ಬಳೇ' ಆಗುತ್ತಿತ್ತು.)

"ತಿನ್ನೇ ಚಿನ್ನಾ."

"ಹಸಿವಿಲ್ಲಮ್ಮ."

"ನಿನ್ನ ಹಸಿವು ಎದ್ದು ಮುಖ ತೊಳ್ಕೊಂಡು ಬರೋವರೆಗೂ ಮೊಟ್ಟೆ ಕಾಯ್ಬೇಕಾ?"

"ನೀನು ತಿಂದ್ಯಾ?"

"ನನ್ನ ಸುದ್ದಿ ಬಿಡು. ನಾನೇನು ರಿಲೇ ಓಡ್ಬೇಕಾ?"

ಮಗಳು ಒಂದು ಕ್ಷಣ ತಾಯಿಯನ್ನೇ ನೋಡಿದಳು. "ಸರಿ. ಇವತ್ತಿಂದ ನೀನು ತಿನ್ನೋ ಹಾಗೇ ನಾನೂ ತಿಂತೀನಿ. ಒಪ್ಪಿಗೇನಾ?"

ಹೆತ್ತ ಹೊಟ್ಟೆ ತಂಪಾಯಿತು. "ಮಾತು ತಪ್ಪಬಾರದು!" ಎಂದು ಆಕೆ ವಿಜಯೋತ್ಸಾಹದಿಂದ ಅಡುಗೆಮನೆಗೆ ನುಗ್ಗಿದಳು. ಮಗಳು ಹಿಂದೆಯೇ ಬಂದು ಸಿಂಕಿಗೆ ಒರಗಿ ನಿಂತಳು.

ಆಕೆ ಎಂದಿನಂತೆ ಕೆನೆಗಟ್ಟಿ ತಣ್ಣಗಾಗಿದ್ದ ಚಹಾವನ್ನು ಅರ್ಧ ಗುಟುಕರಿಸಿ ಇಟ್ಟಳು. ಉಳಿದರ್ಧವನ್ನು ಮಗಳು ಗುಟುಕರಿಸಿದಳು. ಆಕೆ ಒಂದು ಕೈಯಲ್ಲಿ ಒಲೆ ಒರೆಸುತ್ತ, ಇನ್ನೊಂದರಲ್ಲಿ ಗಂಡ ತಟ್ಟೆಯಲ್ಲಿ ಬಿಟ್ಟ ಬ್ರೆಡ್ಡಿನ ಅಂಚನ್ನು ಬಾಯಿಗೆ ಹಾಕಿಕೊಂಡಳು. ಮಗಳು ಇನ್ನೊಂದು ಅಂಚನ್ನು ಎತ್ತಿಕೊಂಡಳು. ಎಡಗೈಯಲ್ಲಿ ಒರೆಸುವ ಬಟ್ಟೆ ಬೇರೆ!

"ಕೂತ್ಕೊಂಡು ತಿನ್ನೇ!"

"ಅಯ್ಯೋ, ಕೂತ್ರೆ ಕೆಲಸ ಯಾರು ಮಾಡ್ತಾರೆ?"

"ಆ ಅಂಚು ಯಾಕೆ? ಒಳ್ಳೇ ಬ್ರೆಡ್ಡಿದೆಯಲ್ಲ!"

"ಚೆಲ್ಲೋದಕ್ಕೆ ಮನಸ್ಸು ಬರಲ್ಲ ಕಣೇ."

"ಮೊಟ್ಟೇನಾದ್ರೂ..."

"ಇರಲಿ ಬಿಡು. ಅಪ್ಪಂಗೆ ಇನ್ನೊಂದು ಬೇಕಾಗಬಹುದು."

ಮಗಳ ಧ್ವನಿ, ನಿಟ್ಟುಸಿರು, ಕೊನೆಗೆ ಕೈಯನ್ನು ಸೊಂಟಕ್ಕೆ ಒರೆಸಿಕೊಳ್ಳುವ ರೀತಿ ಕೂಡ ಆಕೆಯದೇ. ತನ್ನನ್ನೇ ಹೀಗೆ ಹದಿನಾಲ್ಕರ ವಯಸ್ಸಿನಲ್ಲಿ ಸಿಂಕಿನ ಪಕ್ಕ ನಿಂತಿರುವಂತೆ ನೋಡುವುದು ಆಕೆಗೆ ಅಷ್ಟೇನೂ ಹಿಡಿಸಲಿಲ್ಲ.

"ನೋಡಿದ್ಯಾ, ಕೊನೆಗೂ ತಿಂತಿದ್ದಾಳೆ!" ಹೊರಗಿನಿಂದ ಗಂಡನ ಜಯಘೋಷ. "ಎಲ್ಲ ಹೇಳೋ ರೀತೀಲಿರತ್ತೆ."

"ನಾಳೆ ಅಭ್ಯಾಸ ಇದೆ ಕಣೇ," ಆಕೆ ಬೇಡಿಕೊಂಡಳು. "ತಂಡದಿಂದ ತೆಗೀತಾರೆ."

"ಗೊತ್ತು," ಎಂದು ಮಗಳು ಚೀಲ ಹೆಗಲಿಗೇರಿಸಿದಳು. ಈಗ ಧ್ವನಿ ಅವಳದೇ ಆಗಿತ್ತು. "ನಾಳೇನೂ ನೀನು ತಿನ್ನೋ ಹಾಗೇ."

ಮರುದಿನ ಬೆಳಕು ಹರಿಯುವ ಮುಂಚೆ ಹಾಲು ಕಾದಿತ್ತು, ಮೊಟ್ಟೆ ಬೆಂದಿತ್ತು, ಬಟ್ಟೆಗಳು ಸಿಂಹಾಸನದ ಮೇಲೆ ವಿರಾಜಮಾನವಾಗಿದ್ದವು. ಆಕೆ ಅವುಗಳ ಎದುರು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಇಡೀ ರಾಶಿಯನ್ನು ತಬ್ಬಿ ಎತ್ತಿ ಗಂಡನ ಕುರ್ಚಿಯ ಮೇಲೆ ಇಟ್ಟಳು. ಎರಡು ತಟ್ಟೆಗಳಿಗೆ ಬಡಿಸಿದಳು. ಒಂದನ್ನು ಮಗಳಿಗೆಂದು ಎದುರಿಗಿಟ್ಟು ಮುಚ್ಚಿ, ಇನ್ನೊಂದರ ಮುಂದೆ ಕೂತಳು.

ಕೂರುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ನಲ್ಲಿ ತೊಟ್ಟಿಕ್ಕಿದರೆ ಎದ್ದಳು, ಫ್ರಿಜ್ಜು ಗೊರ್ ಎಂದರೆ ಎದ್ದಳು. ಮೂರನೆಯ ಸಲ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಚಹಾ ನಾಲಿಗೆ ಸುಟ್ಟಿತು. ಬಿಸಿ ಚಹಾ ಹೀಗಿರುತ್ತದೆಂಬುದೇ ಮರೆತುಹೋಗಿತ್ತು.

"ಏನೇ, ಟವೆಲ್ ಎಲ್ಲಿ?" ಬಚ್ಚಲಮನೆಯಿಂದ ಕೂಗು ಬಂತು.

ಟವೆಲು ಗಂಡನ ಕುರ್ಚಿಯಲ್ಲಿ, ರಾಶಿಯ ತುತ್ತತುದಿಯಲ್ಲೇ ಇತ್ತು. ಕೈ ಚಾಚಿದರೆ ಸಿಗುತ್ತಿತ್ತು.

"ಕೇಳಿಸ್ತೇನೇ? ಒದ್ದೆ ಮೈಯಲ್ಲಿ ನಿಂತಿದ್ದೀನಿ!"

ಕೇಳಿಸಿತ್ತು. ಮಗಳ ಕೋಣೆಯ ಬಾಗಿಲು ಕಿರ್ ಎಂದದ್ದೂ ಕೇಳಿಸಿತ್ತು. ತಟ್ಟೆಯಲ್ಲಿ ಇನ್ನೂ ಅರ್ಧ ಮೊಟ್ಟೆ ಉಳಿದಿತ್ತು. ಆಕೆ ಅದಕ್ಕೆ ನಿಧಾನವಾಗಿ ಉಪ್ಪು ಉದುರಿಸಿದಳು.