ಮನೆಗೆ ಬಂದ ಕಳ್ಳಿ

ಈ ಬರಹವನ್ನು ನಾನು ನಿಂತುಕೊಂಡೇ ಬರೆಯುತ್ತಿದ್ದೇನೆ. ಕುಳಿತುಕೊಳ್ಳುವ ಯೋಗ ಸದ್ಯಕ್ಕಿಲ್ಲ. ಕಳ್ಳಿಗಿಡದ ಮೇಲೆ ಒಮ್ಮೆ ಕುಳಿತವನು ಬಹಳ ದಿನ ನಿಲ್ಲಬೇಕಾಗುತ್ತದೆ!

ಎಲ್ಲ ಶುರುವಾದದ್ದು ಹೆಂಡತಿಯ ಮಂಡಿನೋವಿನಿಂದ. ಈ ಸುಡುಬಿಸಿಲಿನಲ್ಲಿ ಅವಳ ಗುಲಾಬಿಗಳಿಗೆ ದಿನಾ ಸಂಜೆ ನೀರು ಬೇಕೇ ಬೇಕು. ಬಕೆಟ್ ಹಿಡಿದು ಅವಳು ಕುಂಟುವುದನ್ನು ಕಂಡು ನನ್ನ ಕರುಳು ಚುರುಕ್ ಎಂದಿತು. (ಬಕೆಟ್ಟನ್ನು ನಾನೇ ಹೊರಬಹುದಿತ್ತು. ಏಕೋ ಹೊಳೆಯಲಿಲ್ಲ.) ನೀರೇ ಬೇಡದ ತೋಟ ಮಾಡಿಕೊಡದಿದ್ದರೆ ನಾನು ಗಂಡನೇ ಅಲ್ಲ ಎಂದು ಶಪಥ ಮಾಡಿದೆ. ಅವಳು ಅಕ್ಕನ ಮನೆಗೆ ಹೋದದ್ದೇ ತಡ, ಗುಲಾಬಿ ಕುಂಡಗಳನ್ನೆಲ್ಲ ಪಕ್ಕದ ಮನೆ ಆಂಟಿಗೆ ಧಾರೆಯೆರೆದು ನರ್ಸರಿಯ ಪಥ ಹಿಡಿದೆ.

"ಕಳ್ಳಿ ತಗೊಳ್ಳಿ ಸಾರ್," ಎಂದ ನರ್ಸರಿಯವನು. "ನೀರು ಹಾಕೋದು ಮರೆತುಬಿಟ್ರೆ ಇನ್ನೂ ಚೆನ್ನಾಗಿರ್ತವೆ."

"ಮರೆಯೋದ್ರಲ್ಲಿ ನನ್ನ ಮೀರಿಸೋರಿಲ್ಲಪ್ಪ!"

ಕಳ್ಳಿ, ಲೋಳೆಸರ, ಕಾಗದದ ಹೂವಿನ ಗಿಡ, ಎಲ್ಲ ಬಂದು ಹಜಾರದಲ್ಲಿ ಸಾಲಾಗಿ ನಿಂತವು. ಅಲ್ಲಿಗೆ ಸುಮ್ಮನಿದ್ದಿದ್ದರೆ ಈಗ ಕುಳಿತಿರುತ್ತಿದ್ದೆ. ಆದರೆ ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರಲ್ಲ, ಆ ಸೇಡನ್ನು ನಾನು ಇಂದಿಗೂ ಕನ್ನಡದಲ್ಲಿ ಪನ್ ಮಾಡಿಯೇ ತೀರಿಸಿಕೊಳ್ಳುವುದು. ಹೆಂಡತಿಗೆ ಫೋನ್ ಮಾಡಿ ಪಿಸುಗುಟ್ಟಿದೆ.

"ಕೇಳಿಲ್ಲಿ, ಮನೆಯೊಳಗೆ ಕಳ್ಳಿ ಬಂದಿದ್ದಾಳೆ!"

"ಅಯ್ಯಯ್ಯೋ! ಯಾರ್ರೀ ಅವ್ಳು?"

"ದುಂಡಗಿದ್ದಾಳೆ. ಮುಟ್ಟಿದ್ರೆ ಚುಚ್ಚಿಬಿಡ್ತಾಳೆ!"

"ಚಾಕು ಇದ್ಯಾ?!"

ಉತ್ತರ ಕೊಡುವಷ್ಟರಲ್ಲಿ ನನ್ನ ಫೋನಿನ ಬ್ಯಾಟರಿ ಪ್ರಾಣ ಬಿಟ್ಟಿತು. ಅತ್ತ ಅವಳ ಪ್ರಾಣ ಬಾಯಿಗೆ ಬಂದು, ಪಕ್ಕದ ಮನೆಗೆ ಫೋನ್ ಹೋಯಿತು. ನಾನು ಚಾರ್ಜರ್ ಹುಡುಕುತ್ತಿದ್ದಂತೆ ಆಂಟಿ ಲಟ್ಟಣಿಗೆ ಝಳಪಿಸುತ್ತಾ ಒಳನುಗ್ಗಿದರು.

"ಎಲ್ಲಿ ಆ ಕಳ್ಳಿ?"

ಬೆಚ್ಚಿಬಿದ್ದು ಹಿಂದೆ ಸರಿದೆ, ಮುಗ್ಗರಿಸಿದೆ, ಕುಳಿತೆ.

"ಇಲ್ಲೇ! ನನ್ನ ಕೆಳಗೆ!"

ಹೆಂಡತಿ ಸಿಕ್ಕ ಬಸ್ಸು ಹತ್ತಿ ಓಡಿಬಂದಳು. ಕನ್ನಡಕ ಏರಿಸಿಕೊಂಡು ಮುಳ್ಳುಗಳನ್ನು ಒಂದೊಂದಾಗಿ ಕಿತ್ತಳು. ಬೈಯಲಿಲ್ಲ. "ಇದೆಲ್ಲ ನನ್ನ ಮಂಡಿಗೋಸ್ಕರಾನಾ?" ಎಂದಾಗ ಅವಳ ದನಿ ಒದ್ದೆಯಾಗಿತ್ತು. ನನ್ನ ಉರಿ ಅರ್ಧ ಇಳಿಯಿತು.

ಸಂಜೆಯಾಯಿತು. ನೋಡುತ್ತೇನೆ, ಬಕೆಟ್ ಹಿಡಿದು ಕುಂಟುತ್ತಾ ಹೊರಟಿದ್ದಾಳೆ, ಆಂಟಿಯ ಅಂಗಳದ ಗುಲಾಬಿಗಳಿಗೆ ನೀರು ಹಾಕಲು!

"ಅಲ್ಲ ಕಣೇ, ಇಷ್ಟೆಲ್ಲ ಚುಚ್ಚಿಸಿಕೊಂಡಿದ್ದೀನಿ! ನಿನ್ನ ಮಂಡಿಗೆ ವಿಶ್ರಾಂತಿ ಬೇಡ್ವಾ?"

ಗೇಟಿನ ಬಳಿ ನಿಂತು ತಿರುಗಿ ನಕ್ಕಳು.

"ಮಂಡಿ ಇರ್ಲಿ ಬಿಡ್ರೀ. ದಿನಕ್ಕೆ ಅರ್ಧ ಗಂಟೆನಾದ್ರೂ ನನ್ನ ಕಿವಿಗೆ ವಿಶ್ರಾಂತಿ ಬೇಡ್ವಾ?"