ಬಿಡಿಸದ ಹಾಳೆಗಳು

ಭಾನುವಾರ ಬೆಳಿಗ್ಗೆ ಅಂಬರೀಶ ಕಾದಂಬರಿಯ ಕೊನೆಯ ಅಧ್ಯಾಯಕ್ಕೆ ಬಂದು ನಿಂತುಬಿಟ್ಟ. ಮುಂದಿನ ಹಾಳೆಗಳ ಅಂಚನ್ನು ಪ್ರೆಸ್ಸಿನವರು ಕತ್ತರಿಸಿಯೇ ಇರಲಿಲ್ಲ. ಬಾಯಿ ಹೊಲಿದ ಜೇಬಿನಂತೆ ಒಂದಕ್ಕೊಂದು ಕೂಡಿಕೊಂಡಿದ್ದವು.

ಸಂಜೆ ಮತ್ತಿಗಿರಿಯ ಕನ್ನಡ ಸಂಘದಲ್ಲಿ ಆ ಕಾದಂಬರಿಯನ್ನೂ ಅದರ ಸಿನಿಮಾವನ್ನೂ ಹೋಲಿಸಿ ಅವನು ಮಾತಾಡಬೇಕಿತ್ತು. ಮೂಕಂಡಪಲ್ಲಿಯ ಫ್ಯಾಕ್ಟರಿಯಲ್ಲಿ ಲೇತ್ ಓಡಿಸುವವನಿಗೆ ಇದು ಮೊದಲ ಭಾಷಣ. ಸಂಜೆ ತರಗತಿಯಲ್ಲಿ ಅವನಿಗೆ ಕನ್ನಡ ಕಲಿಸಿದ ರಾಮಸ್ವಾಮಿ ಮೇಷ್ಟ್ರೇ ಸಂಘದ ಅಧ್ಯಕ್ಷರು. ಅವರ ಬಾಯಿಂದ ಒಂದು 'ಭೇಷ್' ಬರಬೇಕೆಂಬ ಆಸೆಗೆ ವಾರದಿಂದ ನಿದ್ದೆಯಿಲ್ಲ. ಹೆಂಡತಿ ಮುನಿಲಕ್ಷ್ಮಿಯಂತೂ ಬೀದಿಗೆಲ್ಲ ಹೇಳಿ ಬಂದಿದ್ದಳು.

ಸಂಘದಲ್ಲಿ ಇದ್ದದ್ದು ಒಂದೇ ಪ್ರತಿ. ಮೇಷ್ಟ್ರಿಂದ ಹಿಡಿದು ಪಕ್ಕದ ಮನೆಯ ಗೋವಿಂದಮ್ಮನವರೆಗೆ ಎಲ್ಲರ ಮನೆ ಸುತ್ತಿ, 'ಕೊನೆ ಓದಿ ಕಣ್ಣೀರು ಬಂತು' ಎಂಬ ಹೊಗಳಿಕೆಯ ಸಮೇತ ಅವನ ಕೈ ಸೇರಿತ್ತು. ಇವರೆಲ್ಲ ಒಂದು ಕಣ್ಣು ಮುಚ್ಚಿ ಸಂದಿಯಲ್ಲಿ ಇಣುಕಿ ಓದಿರಬೇಕು ಎಂದುಕೊಂಡ. ತಾನೂ ಇಣುಕಿದ. ಕತ್ತು ಉಳುಕಿತು.

ಮುನಿಲಕ್ಷ್ಮಿ ಈಳಿಗೆ ಮಣೆ ತಂದಳು. ಸಂಘದ ಪುಸ್ತಕ, ಹರಿದರೆ ಏನು ಗತಿ ಎಂದು ಅಂಬರೀಶ ಅದನ್ನು ಎದೆಗವಚಿಕೊಂಡ. ಗೆಳೆಯ ಶಶಿ ಬಂದವನೇ ನಕ್ಕ.

"ಸಿನ್ಮಾ ನೋಡಿದ್ದೀಯಲ್ಲ, ಸಾಕು ಬುಡ್ಲಾ. ಕೊನೇಲಿ ಮದ್ವೆ ಆಯ್ತದೆ. ಬುಕ್ನಾಗೇನು ಬೇರೆ ಗಂಡು ಬತ್ತಾನಾ?"

ಅಂಬರೀಶನ ಮನಸ್ಸು ಒಪ್ಪಲಿಲ್ಲ. ಕೃಷ್ಣಗಿರಿಯಲ್ಲಿ ಪರಿಚಯದ ಅನಂತ್ ಎಂಬವರ ಬಳಿ ಇನ್ನೊಂದು ಪ್ರತಿ ಇತ್ತು. ಬಸ್ಸು ಹತ್ತಿದ. ಶೂಲಗಿರಿಯ ಹತ್ತಿರ ಬಸ್ಸು ಕೆಟ್ಟು ನಿಂತಿತು. ಟೊಮೇಟೊ ಲಾರಿಯವನಿಗೆ ಕೈ ಮುಗಿದು, ಕ್ರೇಟುಗಳ ನಡುವೆ ತಾನೂ ಒಂದು ಕ್ರೇಟಿನಂತೆ ಕೂತು ಕೃಷ್ಣಗಿರಿ ಸೇರಿದ. ಅನಂತ್ ಪುಸ್ತಕವನ್ನು ಹೊಸ್ತಿಲು ದಾಟಿಸುವವರಲ್ಲ. ಅವರ ಜಗುಲಿಯಲ್ಲೇ ಕೂತು ಓದಿ ಮುಗಿಸಿದ. ಶ್ರಮ ಸಾರ್ಥಕವಾಯಿತು. ಪುಸ್ತಕದಲ್ಲಿ ನಾಯಕಿ ಬಂದ ಗಂಡನ್ನು ವಾಪಸು ಕಳಿಸಿ ಹೊಲಿಗೆ ಅಂಗಡಿ ಇಡುತ್ತಾಳೆ.

ಸಂಜೆ ಬೆನ್ನ ಮೇಲಿನ ಟೊಮೇಟೊ ಕಲೆಯ ಅರಿವಿಲ್ಲದೆ ಸಂಘದ ವೇದಿಕೆ ಹತ್ತಿದ ಅಂಬರೀಶ, ಸಿನಿಮಾ ಮದುವೆಯಲ್ಲಿ ಮುಗಿಯುತ್ತದೆ, ಕಾದಂಬರಿಯಲ್ಲಿ ಮದುವೆಯೇ ಇಲ್ಲ ಎಂದ. ಸಭೆ ಗುಜುಗುಟ್ಟಿತು.

"ನಾನೂ ಓದಿವ್ನಿ ಕಣಪ್ಪಾ. ಮದ್ವೆ ಊಟದಾಗೆ ಒಬ್ಬಟ್ಟು ಬಡಿಸ್ತಾರೆ," ಎಂದರು ಗೋವಿಂದಮ್ಮ.

ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡರು. "ಅಂಬರೀಶ, ನಾನು ಎರಡು ಸಲ ಓದಿದೀನಿ. ಮದುವೆ ಇದೆ."

"ಇಲ್ಲ ಸಾರ್. ಹೊಲಿಗೆ ಅಂಗಡಿ ಅದೆ."

ಪುಸ್ತಕವನ್ನೇ ತೆಗೆದು ನೋಡಿದರಾಯಿತು ಎಂದು ಹಿಂದಿನಿಂದ ಶಶಿ ಸಲಹೆ ಕೊಟ್ಟ. ಮೇಷ್ಟ್ರು ಅಂಬರೀಶನ ಕೈಯಲ್ಲಿದ್ದ ಸಂಘದ ಪ್ರತಿಯನ್ನು ತೆಗೆದುಕೊಂಡರು. ಕೊನೆಯ ಅಧ್ಯಾಯ ಬಿಚ್ಚಿಕೊಳ್ಳಲಿಲ್ಲ. ಅದನ್ನು ಎತ್ತಿ ಸಭೆಗೆ ತೋರಿಸಿದರು.

"ನೋಡಿ, ಹಾಳೇನೇ ಬಿಡಿಸಿಲ್ಲ. ಓದದೇನೇ ಭಾಷಣಕ್ಕೆ ಬಂದಿದಾನೆ."

ಸಭೆ ಗೊಳ್ಳೆಂದಿತು. ಗೋವಿಂದಮ್ಮನ ನಗು ಎಲ್ಲರಿಗಿಂತ ಜೋರು. ಮುನಿಲಕ್ಷ್ಮಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹಾಗಾದರೆ ನೀವು ಹೇಗೆ ಓದಿದಿರಿ ಸಾರ್ ಎಂಬ ಪ್ರಶ್ನೆ ಅಂಬರೀಶನ ಗಂಟಲವರೆಗೆ ಬಂತು. ಎಷ್ಟಾದರೂ ಅಕ್ಷರ ತಿದ್ದಿಸಿದವರು. ಬಿಸಿ ಬೋಂಡದಂತೆ ಅದನ್ನು ನುಂಗಿ ಕೆಳಗಿಳಿದ.

ಹೊರಗೆ ಚಪ್ಪಲಿ ಹುಡುಕುತ್ತಿದ್ದವನ ಹೆಗಲ ಮೇಲೆ ಕೈ ಬಿತ್ತು. ಮೇಷ್ಟ್ರು. ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ನಿಜವಾಗ್ಲೂ ಮದುವೆ ಆಗಲ್ವೇನಪ್ಪಾ ಅವಳು?"

ಅಂಬರೀಶನ ಮುಖ ಅರಳಿತು. ಕ್ರೇಟಿನ ನಡುವೆ ಕೂತು ಹೋದದ್ದರಿಂದ ಹಿಡಿದು ಹೊಲಿಗೆ ಅಂಗಡಿಯವರೆಗೆ ಎಲ್ಲವನ್ನೂ ಬಿಡದೆ ಹೇಳಿದ. ಮೇಷ್ಟ್ರು ಕಣ್ಣು ಮುಚ್ಚಿ, ತಲೆದೂಗುತ್ತ ಕೇಳಿದರು.

"ಭೇಷ್," ಎಂದರು. "ಮುಂದಿನ ತಿಂಗಳು ಈ ವಿಷಯ ನಾನೇ ಮಾತಾಡ್ತೀನಿ. ನೀನು ಬಂದು ಮುಂದಿನ ಸಾಲಲ್ಲಿ ಕೂತ್ಕೋ. ಪುಸ್ತಕ ಹೇಗೆ ಓದಬೇಕು ಅಂತ ನಿನಗೂ ಗೊತ್ತಾಗುತ್ತೆ."